ಆರನೆಯ ಹಲಗೆ

ಹೋಟೆಲಿನಲ್ಲಿ ಪೇಪರು ಓದಿದ ಬೀರಯ್ಯ ಅರ್ಧ ಕಾಫಿ ಬಿಟ್ಟು ಬೀದಿಗೆ ಇಳಿದ. ಸೋಮವಾರ ಬೆಂಗಳೂರು, ಬುಧವಾರ ಮಂಡ್ಯ, ಇವತ್ತು ಶುಕ್ರವಾರ, ಈ ಊರಿನ ಸರದಿ. ಯಾವುದೋ ಬಸ್ಸಿನಲ್ಲಿ ಯಾರೋ ಕಂಡಕ್ಟರು ಯಾವನೋ ವಿದ್ಯಾರ್ಥಿಯ ಕೆನ್ನೆಗೆ ಹೊಡೆದನಂತೆ. ಬೆಂಗಳೂರಿನಲ್ಲಿ ಬಸ್ಸಿನ ಗಾಜು ಒಡೆದರು, ಅದು ಹೇಗೋ ಅರ್ಥವಾಗುತ್ತದೆ. ಮಂಡ್ಯದಲ್ಲಿ ಅಂಗಡಿ ಒಡೆದರಂತೆ, ಅಂಗಡಿಯವರು ಯಾರ ಕೆನ್ನೆಗೆ ಹೊಡೆದಿದ್ದರು? ಹೊಡೆತ ತಿಂದ ಹುಡುಗನ ಹೆಸರು ಮೊದಲ ದಿನದ ಪೇಪರಿನಲ್ಲಿ ಇತ್ತು, ಎರಡನೆಯ ದಿನ ಇರಲಿಲ್ಲ. ಒಂಟಿಕೊಪ್ಪಲ್ ಬೀದಿಯಲ್ಲಿ ಎಂದಿನಂತೆ ಹಾಲಿನವರು ಸೈಕಲ್ ತಳ್ಳುತ್ತಿದ್ದರು, ಬಾಗಿಲು ಸಾರಿಸಿ ರಂಗೋಲಿ ಹಾಕುತ್ತಿದ್ದವರು ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದರು. ಅಷ್ಟು ಸಾಮಾನ್ಯವಾದ ಬೆಳಗನ್ನು ಕಂಡು ಬೀರಯ್ಯನಿಗೆ ಇನ್ನಷ್ಟು ದಿಗಿಲಾಯಿತು. ಹದಿನೇಳು ವರ್ಷದ ಹಿಂದಿನ ಆ ದಿನವೂ ಬೆಳಿಗ್ಗೆ ಹೀಗೇ ಇತ್ತು.

ಅವನ ಅಂಗಡಿಯಲ್ಲಿ ಲಾಟೀನು, ಲಾಟೀನಿನ ಗಾಜು, ಬತ್ತಿ, ಹಗ್ಗ, ಮೊರ, ಒಂದಿಷ್ಟು ಕಂಬಳಿ. ಮನೆ ಮನೆಗೂ ವಿದ್ಯುತ್ ದೀಪ ಬರುತ್ತಿದ್ದರೂ ಸುತ್ತಲ ಹಳ್ಳಿಯವರು ಗಾಜು ಕೊಳ್ಳಲು ಇಲ್ಲಿಗೇ ಬರುತ್ತಿದ್ದರು. ಅಂಗಡಿಯ ಹಿಂದೆಯೇ ಮನೆ, ಮನೆಯೊಳಗಿಂದ ಪ್ರೇಮಮ್ಮನ ದನಿ.

"ಇವತ್ತು ಅಂಗಡಿ ಬ್ಯಾಡಿ ಅಂದೆ. ಗಾಜಿನ ಯಾಪಾರ ಮಾಡೋರು ಇಂಥ ದಿನ ಬಾಗ್ಲು ತೆಗೀತಾರಾ?"

"ಗಲಾಟೆ ಅಂದ್ರೆ ಮುಚ್ಚಿದ್ರಾಯ್ತು ಬುಡು. ಎಷ್ಟು ಹೊತ್ತಿನ ಕೆಲ್ಸ."

"ಮೊನ್ನೆ ಮಳೆ ಬಂದಾಗ ಮುಚ್ಚಿದ್ದು ಕಂಡಿದೀನಿ. ನಿಮ್ಗೆ ಕೈ ನಡುಗೋದು ನಂಗೊತ್ತಿಲ್ವಾ?"

ಕೈ ನಡುಗುವುದು ನಿಜ. ಅಂಗಡಿಗೆ ಒಂಬತ್ತು ಹಲಗೆಯ ಬಾಗಿಲು. ಒಂದು ತುದಿಯಿಂದ ಶುರುಮಾಡಿ ಹಲಗೆಯ ತಲೆಯನ್ನು ಮೇಲಿನ ತೊಲೆಯ ತೋಡಿಗೆ ಎತ್ತಿ, ಬುಡವನ್ನು ಕೆಳಗಿನ ಹೊಸಿಲಿನ ತೋಡಿಗೆ ಇಳಿಸಬೇಕು. ಒಂದಾದ ಮೇಲೆ ಒಂದು, ಕೊನೆಯದಕ್ಕೆ ಬೀಗ. ಹಳೆಯ ಕಟ್ಟಡಗಳಲ್ಲಿ ಮೇಲಿನ ತೊಲೆ ಬೀಗದ ಕಡೆಗೆ ಸ್ವಲ್ಪ ಕುಸಿದಿರುತ್ತದೆ, ಹಾಗಾಗಿ ಬಡಗಿ ಹಲಗೆಗಳನ್ನು ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಗಿಡ್ಡವಾಗಿ ಕೊಯ್ದು, ಪ್ರತಿಯೊಂದರ ಮೇಲೂ ಡಾಂಬರಿನಲ್ಲಿ ನಂಬರು ಬರೆದಿರುತ್ತಾನೆ. ಅವಸರದಲ್ಲಿ ನಡುವಿನದೊಂದನ್ನು ಬಿಟ್ಟು ಮುಂದಿನದನ್ನು ಹಾಕಿದರೆ ಆಗ ಏನೂ ಗೊತ್ತಾಗುವುದಿಲ್ಲ. ಗಿಡ್ಡ ಹಲಗೆ ಎತ್ತರದ ಜಾಗಕ್ಕೆ ಸಲೀಸಾಗಿ ಹೋಗುತ್ತದೆ, ಅದರ ಹಿಂದಿನವೂ ಹೋಗುತ್ತವೆ. ಕೊನೆಗೆ ಕೈಯಲ್ಲೊಂದು ಹಲಗೆ, ಎದುರಿಗೊಂದು ಸಂದು. ಏನು ಮಾಡಿದರೂ ಆ ಹಲಗೆ ಆ ಸಂದಿಗೆ ಹೋಗದು. ಆಗ ತಪ್ಪಿದ ಜಾಗದವರೆಗೆ ಎಲ್ಲವನ್ನೂ ಕಳಚಿ ಮತ್ತೆ ಹಾಕಬೇಕು. ಅಂದರೆ ಅಂಗಡಿ ಮುಚ್ಚುವುದಕ್ಕೆ ಮೊದಲು ಅಂಗಡಿ ತೆಗೆಯಬೇಕು. ಇದು ಹಲಗೆ ಹಾಕಿ ಅಭ್ಯಾಸ ಇರುವವರಿಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ. ಬೀರಯ್ಯನಿಗೆ ಇಪ್ಪತ್ತರ ವಯಸ್ಸಿನಲ್ಲೇ ಗೊತ್ತಿತ್ತು. ಆಗ ಅವನು ಸಂತೆಪೇಟೆಯ ಒಂದು ಹಗ್ಗದ ಅಂಗಡಿಯಲ್ಲಿ ಕೆಲಸಕ್ಕಿದ್ದ, ಬೆಳಿಗ್ಗೆ ಹಲಗೆ ತೆಗೆಯುವುದು ಅವನೇ, ಸಂಜೆ ಹಾಕುವುದೂ ಅವನೇ. ಕಣ್ಣು ಮುಚ್ಚಿಕೊಂಡು ಹಾಕಬಲ್ಲೆ ಎಂಬ ಜಂಬ ಬೇರೆ ಇತ್ತು.

ನಲವತ್ತೇಳರ ಆ ದಿನ ಮಹಾರಾಜರು ಆಡಳಿತವನ್ನು ಜನರ ಕೈಗೆ ಕೊಡಲಿ ಎಂದು ಜವಾಬ್ದಾರಿ ಸರ್ಕಾರದ ಮೆರವಣಿಗೆ, ಪೇಟೆಗೆಲ್ಲ ಹರತಾಳ. ಯಜಮಾನರು ಅಂಗಡಿ ಮುಚ್ಚಿಸಿ ಮನೆಗೆ ಹೋದರು, ಬೀರಯ್ಯ ಮನೆಗೆ ಹೋಗದೆ ಮೆರವಣಿಗೆಗೆ ಹೋದ. ಸಿದ್ದರಾಜು ಎಳೆದುಕೊಂಡು ಹೋದ ಅಂದರೂ ಸರಿಯೇ. ಪಕ್ಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಸಿದ್ದರಾಜು ಎಲ್ಲದಕ್ಕೂ ಮುಂದು. ಆದರೆ ಎಳೆಯದಿದ್ದರೂ ಹೋಗುತ್ತಿದ್ದ ಎಂಬುದನ್ನು ಬೀರಯ್ಯ ತನ್ನೊಳಗೆ ಒಪ್ಪಿಕೊಂಡಿದ್ದಾನೆ. ಅಷ್ಟು ಸಂತೋಷ ಅವನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ, ಮದುವೆಯ ದಿನವೂ ಕಂಡಿಲ್ಲ. ಊರಲ್ಲಿ ಕುರಿ ಹಿಂದೆ, ಪೇಟೆಯಲ್ಲಿ ಯಜಮಾನರ ಹಿಂದೆ ನಡೆದವನು, ಅವತ್ತು ಬೀದಿಯ ನಡುವೆ ನಡೆದ. ಅವನ ಗಂಟಲಿನಿಂದ ಹೊರಟ ಕೂಗು ಅವನದೆಂದು ಗುರುತೇ ಸಿಗದಷ್ಟು ದೊಡ್ಡದಾಗಿ ಅವನಿಗೇ ಕೇಳಿಸುತ್ತಿತ್ತು. ಮುಂದಾಳುಗಳು ಶಾಂತಿ ಶಾಂತಿ ಎನ್ನುತ್ತ ಎಷ್ಟೋ ದೂರ ಮುಂದೆ ಹೋಗಿದ್ದರು. ಬಾಲದಲ್ಲಿ ಇದ್ದದ್ದು ಇವರು. ಚನ್ನಬಸವಯ್ಯನವರ ಗ್ರಂಧಿಗೆ ಅಂಗಡಿಯ ಮುಂದೆ ಬಂದಾಗ ಬಾಗಿಲಿನಲ್ಲಿ ಒಂದು ಹಲಗೆಯಷ್ಟು ಸಂದು ಇತ್ತು, ಒಳಗಿನಿಂದ ವಿಭೂತಿ, ಪಚ್ಚಕರ್ಪೂರದ ವಾಸನೆ ಬರುತ್ತಿತ್ತು. ಬೀದಿಯ ಅಂಗಡಿಗಳೆಲ್ಲ ಮುಚ್ಚಿವೆ, ಇದೊಂದು ಯಾಕೆ ಮುಚ್ಚಿಲ್ಲ? ಜನ ನಿಂತರು. ಒಳಗಿದ್ದ ಐವತ್ತರ ಗಂಡಸು, ಹಣೆಯ ಮೇಲೆ ಬೆವರಿನಲ್ಲಿ ಕರಗಿದ ವಿಭೂತಿ, ಒಂದು ಹಲಗೆ ಕಳಚಿದ. ಇನ್ನೊಂದು ಕಳಚಿದ. "ತೆಗೀತಾವ್ನೆ ನೋಡ್ರೋ, ನಮ್ ಕಣ್ ಮುಂದೇನೆ ತೆಗೀತಾವ್ನೆ" ಎಂದು ಯಾರೋ ಅಂದರು. ಗೋಡೆಗೆ ಒರಗಿಸಿದ್ದ ಹಲಗೆಯ ಮೇಲಿನ ಡಾಂಬರಿನ ಆರನ್ನು ಬೀರಯ್ಯ ನೋಡಿದ. ಐದಾದ ಮೇಲೆ ಏಳು ಹಾಕಿಬಿಟ್ಟಿದ್ದಾರೆ, ಸರಿಮಾಡುತ್ತಿದ್ದಾರೆ, ಅಷ್ಟೇ. ಅಷ್ಟು ಜನರಲ್ಲಿ ಅವನೊಬ್ಬನಿಗೆ ಅದು ಬೆಳಕಿನಷ್ಟು ಸ್ಪಷ್ಟವಾಗಿತ್ತು. ಎರಡು ಮಾತು ಸಾಕಿತ್ತು. ಆ ಎರಡು ಮಾತು ಆಡಿದ್ದರೆ ಎಲ್ಲರೂ ತಿರುಗಿ ಅವನ ಮುಖ ನೋಡುತ್ತಿದ್ದರು. ನೀನು ಯಾರ ಕಡೆಯವನು ಎಂದು ಕೇಳುತ್ತಿದ್ದರು. ಅವನು ಮತ್ತೆ ಅಂಗಡಿಯ ಆಳಾಗಿಬಿಡುತ್ತಿದ್ದ. ಪಕ್ಕದಲ್ಲಿ ಕಲ್ಲು ಹಿಡಿದ ಸಿದ್ದರಾಜುವಿನ ಕೈ ಮೇಲೆದ್ದಿತು, ಕಲ್ಲು ಹಿಡಿದ ಬೀರಯ್ಯನ ಕೈಯೂ ಎದ್ದಿತು. ಸಂದಿನ ಅಳತೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಚನ್ನಬಸವಯ್ಯನವರ ಎಡಗಣ್ಣು ಹೋಯಿತು. ಯಾರ ಕಲ್ಲಿನಿಂದ ಎಂದು ಯಾರಿಗೂ ತಿಳಿಯದು. ಆರೇ ತಿಂಗಳಲ್ಲಿ ಅಂಗಡಿ ಮುಚ್ಚಿತು. ಮುಚ್ಚಿದ ಅಂಗಡಿಯ ಕಥೆ ಮಾತ್ರ ಸಿದ್ದರಾಜುವಿನ ಬಾಯಲ್ಲಿ ವರ್ಷ ವರ್ಷ ಬೆಳೆಯುತ್ತ ಬಂತು. ಮೊದಲು ಒಂದು ಹಲಗೆ ತೆಗೆದಿದ್ದ ಮುದುಕ, ಆಮೇಲೆ ಅರ್ಧ ಬಾಗಿಲು ತೆಗೆದಿದ್ದ, ಈಗೀಗ ಅರಮನೆಯವರ ಮಾತು ಕೇಳಿಕೊಂಡು ಪೂರಾ ಅಂಗಡಿ ತೆರೆದು ಮೆರವಣಿಗೆಯ ಮೇಲೆ ಎಲೆಯಡಿಕೆ ಉಗುಳಿದ್ದ. ಹೋಟೆಲಿನಲ್ಲಿ ಕಾಲೇಜು ಹುಡುಗರನ್ನು ಸುತ್ತ ಕೂರಿಸಿಕೊಂಡು "ನಮ್ ಕಾಲ್ದಲ್ಲಿ ನಾವು ಸುಮ್ನೆ ಇರ್ತಿರ್ಲಿಲ್ಲ ಕಣ್ರಯ್ಯ, ಬೇಕಾದ್ರೆ ಬೀರಯ್ಯನ್ನ ಕೇಳಿ" ಎಂದು ಕೈ ತೋರಿಸುತ್ತಾನೆ. ಹುಡುಗರು ತಿರುಗಿ ನೋಡುತ್ತಾರೆ, ಅವರ ಕಣ್ಣಿನಲ್ಲಿ ಗೌರವ. ಬೀರಯ್ಯ ತಲೆ ಆಡಿಸುತ್ತಾನೆ. ಮೊನ್ನೆ ಮಂಗಳವಾರವೂ ಆಡಿಸಿದ. ಆಡಿಸಿದ ಮೇಲೆ ಕತ್ತು ನೋವು ಬಂದಂತಾಗಿ ಮನೆಗೆ ಬಂದು ಮಲಗಿದ. ಕೃಷ್ಣಮೂರ್ತಿಪುರಂನಲ್ಲಿ ಮಗಳ ಮನೆಯಲ್ಲಿ ಚನ್ನಬಸವಯ್ಯನವರು ಇದ್ದಾರೆಂದು ಗೊತ್ತಾದ ದಿನದಿಂದ ಆ ಕಡೆಯ ಗಿರಾಕಿಗಳಿಗೆ ಅವನು ತಾನಾಗಿ ಸಾಮಾನು ತಲುಪಿಸಿದ್ದೇ ಇಲ್ಲ, ಪಕ್ಕದ ರಸ್ತೆಯ ಸಾವಿನ ಮನೆಗೆ ಹೋಗಬೇಕಾದಾಗಲೂ ಕಾಲು ನೋವಿನ ನೆಪ ಹೇಳಿದ್ದ.

ಹನ್ನೊಂದು ಗಂಟೆಯ ಹೊತ್ತಿಗೆ ದೂರದಲ್ಲಿ ಸದ್ದು ಕೇಳಿತು. ಮೊದಲು ಮಳೆ ಬರುವ ಹಾಗೆ, ಆಮೇಲೆ ಮಾತು ಮಾತಾಗಿ. ಎದುರಿನ ದರ್ಜಿ ತನ್ನ ಬಾಗಿಲು ಎಳೆದುಕೊಂಡ, ಅವನದು ಹೊಸ ಬಗೆಯ ಕಬ್ಬಿಣದ ಬಾಗಿಲು, ಒಂದೇ ಎಳೆತಕ್ಕೆ ಮುಗಿಯಿತು. ಬೀರಯ್ಯ ಒಳಗಿನಿಂದ ಹಲಗೆ ತಂದು ತಂದು ಹಾಕಿದ. ಮೊದಲನೆಯದು ಹಾಕುವಾಗಲೇ ಬೆರಳು ಮಾತು ಕೇಳುತ್ತಿರಲಿಲ್ಲ. ಎರಡು, ಮೂರು. ಹಿಂದೆ ಸಾಲಾಗಿ ಇಟ್ಟಿದ್ದ ಲಾಟೀನು ಗಾಜುಗಳು ಬೀದಿಯ ಸದ್ದಿಗೆ ಒಂದಕ್ಕೊಂದು ತಾಕಿ ಕಿಣಿಗುಟ್ಟುತ್ತಿದ್ದವು, ಅಥವಾ ಅವನಿಗೆ ಹಾಗೆ ಅನ್ನಿಸುತ್ತಿತ್ತು. ಪ್ರೇಮಮ್ಮ ನಡುಮನೆಯ ಬಾಗಿಲಲ್ಲಿ ನಿಂತು "ನಾನೂ ಒಂದ್ ಕೈ ಹಿಡೀಲಾ?" ಎಂದಳು, "ಒಳಕ್ಕೋಗು" ಎಂದು ಗದರಿದ. ಎಲ್ಲವೂ ಸಲೀಸಾಗಿ ಹೋದವು. ಅಷ್ಟು ಸಲೀಸಾಗಿ ಹೋದಾಗಲೇ ಅನುಮಾನ ಬರಬೇಕಿತ್ತು. ಕೈಯಲ್ಲಿ ಒಂದು ಹಲಗೆ ಉಳಿದಾಗ ಎತ್ತಿ ನಿಲ್ಲಿಸಿದ, ತಳ್ಳಿದ, ಹೆಗಲು ಕೊಟ್ಟು ತಳ್ಳಿದ. ಹೋಗಲಿಲ್ಲ. ಬಗ್ಗಿ ನಂಬರು ನೋಡಿದ. ನಾಲ್ಕು.

ಮೆರವಣಿಗೆ ತಿರುವಿನಲ್ಲಿ ಕಾಣಿಸಿತು. ಬಿಳಿ ಷರಟುಗಳು, ಮುಂದೊಂದು ಹೊಟ್ಟು ತುಂಬಿ ಪ್ಯಾಂಟು ತೊಡಿಸಿದ ಕಂಡಕ್ಟರನ ಬೊಂಬೆ. ಸಂದು ಹಾಗೇ ಬಿಟ್ಟು ಒಳಗೆ ಓಡಬಹುದಿತ್ತು, ಪ್ರೇಮಮ್ಮನನ್ನು ಕರೆದುಕೊಂಡು ಹಿತ್ತಲಿನಿಂದ ಹೋಗಬಹುದಿತ್ತು. ಆದರೆ ಸಂದು ಬಿಟ್ಟರೆ ಏನಾಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಬೀರಯ್ಯ ಒಂದು ಹಲಗೆ ಕಳಚಿದ. ಇನ್ನೊಂದು ಕಳಚಿದ. ತನ್ನ ಕೈ ಮಾಡುತ್ತಿರುವ ಕೆಲಸವನ್ನು ಬೀದಿಯ ಆಚೆ ನಿಂತು ತಾನೇ ನೋಡುತ್ತಿರುವಂತೆ ಅವನಿಗೆ ಕಂಡಿತು, ಬೀದಿಯ ಆಚೆಯಿಂದ ಅದು ನಿಜಕ್ಕೂ ಅಂಗಡಿ ತೆರೆಯುವ ಹಾಗೇ ಇತ್ತು. ಜನ ನಿಂತರು. ಕೂಗು ನಿಂತಿತು. ಆ ಮೌನ ಅವನಿಗೆ ಗೊತ್ತಿತ್ತು, ಹಿಂದೊಮ್ಮೆ ಅದರ ಒಳಗೆ ನಿಂತಿದ್ದ.

"ಏನ್ ಸಾಮಿ, ಧೈರ್ಯವಾ?" ಎಂದು ಹಿಂದಿನಿಂದ ಒಂದು ದನಿ. "ನಾವು ಬರೋವಾಗ್ಲೇ ತೆಗೀತೀರಾ?"

"ಇಲ್ಲಪ್ಪ, ಮುಚ್ತಾ ಇವ್ನಿ." ಹಲಗೆ ಎತ್ತಿ ತೋರಿಸಿದ. ಮತ್ತೆ ಹೇಳಿದ. "ಮುಚ್ಚೋಕೇ ತೆಗೀತಾ ಇವ್ನಿ."

ಯಾರೋ ನಕ್ಕರು. ಆ ನಗುವಿನಲ್ಲಿ ಸಂತೋಷ ಇರಲಿಲ್ಲ. ಮುಚ್ಚುವುದಕ್ಕೆ ತೆಗೆಯುತ್ತಾನಂತೆ, ನಾವೇನು ಕಿವಿಗೆ ಹೂವು ಇಟ್ಟುಕೊಂಡು ಬಂದಿದ್ದೇವೆಯೇ? ಮುಂದಿನ ಸಾಲಿನಲ್ಲಿ ದಪ್ಪ ಕನ್ನಡಕದ ಒಬ್ಬ ಯುವಕ, ಅವನ ಬಲಗೈಯಲ್ಲಿ ರಸ್ತೆ ರಿಪೇರಿಗೆ ಸುರಿದಿದ್ದ ಜಲ್ಲಿಯ ಕಲ್ಲು. ಬೀರಯ್ಯನ ಕಣ್ಣು ಅದರ ಮೇಲೆಯೇ ನೆಟ್ಟಿತು. ಯುವಕ ನೋಡುತ್ತಿದ್ದದ್ದು ಬೀರಯ್ಯನ ಮುಖವನ್ನಲ್ಲ, ಗೋಡೆಗೆ ಒರಗಿಸಿದ್ದ ಹಲಗೆಯನ್ನು. ನಂಬರು ನೋಡುತ್ತಿದ್ದಾನೆ ಎಂದು ಬೀರಯ್ಯನಿಗೆ ತಿಳಿಯಿತು. ಇವನಿಗೆ ಗೊತ್ತು. ಗೊತ್ತಿದ್ದವನು ಏನು ಮಾಡುತ್ತಾನೆ ಎಂಬುದೂ ಬೀರಯ್ಯನಿಗೆ ಗೊತ್ತಿತ್ತು. ಒಂದು ಕೈಯಿಂದ ಎಡಗಣ್ಣು ಮುಚ್ಚಿಕೊಂಡ. ಯಾಕೆ ಎಡಗಣ್ಣು ಎಂದು ಆಮೇಲೆ ಯೋಚಿಸಿದಾಗ ಅವನಿಗೇ ನಾಚಿಕೆಯಾಯಿತು.

ಯುವಕ ಮುಂದೆ ಬಂದ, ಕಲ್ಲನ್ನು ಅಂಗಡಿಯ ಮೆಟ್ಟಿಲ ಮೇಲೆ ಇಟ್ಟ. ಎಸೆಯಲೂ ಇಲ್ಲ, ಬಿಸಾಡಲೂ ಇಲ್ಲ, ಪೆನ್ನು ಇಡುವ ಹಾಗೆ ಇಟ್ಟು ಎರಡೂ ಕೈಯಿಂದ ಹಲಗೆ ಹಿಡಿದ. "ನಾಲ್ಕು ಬಿಟ್ಟೋಗೈತೆ ನಿಮ್ದು. ಇನ್ನೂ ಮೂರು ಕಳಚ್ಬೇಕು." ತಿರುಗಿ ಜನರಿಗೆ ಹೇಳಿದ. "ಲೇ, ನಿಂತ್ಕೊಳ್ರೋ. ಹಲಗೆ ತಪ್ಪೋಗದೆ. ಕಳಚ್ದೆ ಮುಚ್ಚಕ್ಕಾಗಲ್ಲ. ಇಲವಾಲದಲ್ಲಿ ನಮ್ಮಪ್ಪನ ಅಂಗಡೀದೂ ಇಂಥದ್ದೇ ಬಾಗ್ಲು, ನಾನೂ ಇದೇ ತಪ್ಪು ಮಾಡಿ ಏಟು ತಿಂದಿವ್ನಿ."

"ನಿಮ್ಮಪ್ಪನ ಕಡೆಯವ್ರೇನೋ ಇವ್ರು?" ಎಂದು ಹಿಂದಿನ ದನಿ ಕೇಳಿತು. ಎಲ್ಲರೂ ಯುವಕನ ಮುಖ ನೋಡಿದರು. ಅವನ ಕಿವಿ ಕೆಂಪಾಯಿತು, ಬೀರಯ್ಯ ಅಷ್ಟು ಹತ್ತಿರದಿಂದ ಅದನ್ನು ಕಂಡ.

"ಇವರ್ಯಾರೋ ನಂಗೊತ್ತಿಲ್ಲ. ಹಲಗೆ ಗೊತ್ತು. ಬಾ, ನೀನೂ ಒಂದು ಹಿಡ್ಕೊ. ಬೇಗ ಮುಗೀತದೆ."

ಯುವಕ ಏಳನೆಯದನ್ನು ಕಳಚಿದ. ಆಮೇಲೆ ಯಾರೋ ಬಂದು ಐದನೆಯ ಹಲಗೆಯ ತುದಿ ಹಿಡಿದರು, ಇನ್ನೊಬ್ಬ ಬಂದ. ನಾಲ್ಕನೆಯದು ತನ್ನ ಜಾಗಕ್ಕೆ ಹೋಗಿ ಕುಳಿತಾಗ ಗುಂಪಿನಲ್ಲೊಬ್ಬ ತಮಾಷೆಗೆ "ನಾಲ್ಕು" ಎಂದು ಕೂಗಿದ. ಐದು ಹೋದಾಗ ಹತ್ತು ಜನ ಕೂಗಿದರು. ಏಳರ ಹೊತ್ತಿಗೆ ಬೀದಿಯೇ ಕೂಗುತ್ತಿತ್ತು, ಬೊಂಬೆ ಹಿಡಿದವನು ಪ್ರತಿ ನಂಬರಿಗೂ ಬೊಂಬೆಯನ್ನು ಮೇಲೆತ್ತುತ್ತಿದ್ದ, ಎದುರಿನ ದರ್ಜಿ ತನ್ನ ಕಬ್ಬಿಣದ ಬಾಗಿಲನ್ನು ಒಂದು ಗೇಣು ಎತ್ತಿ ಕೆಳಗಿನಿಂದ ಇಣುಕುತ್ತಿದ್ದ. ನಡುವಯಸ್ಸಿನ ಗಂಡಸು, ಹೆಂಡತಿಯ ಎದುರಿಗೆ, ಬೀದಿಗೆಲ್ಲ ನಗೆಗೀಡಾಗಿ ನಿಂತಿದ್ದ. ಆ ಅವಮಾನ ಮೈತುಂಬ ಹಿತವಾಗಿತ್ತು. "ಒಂಬತ್ತು" ಎಂಬ ಕೂಗಿನೊಂದಿಗೆ ಬೀಗದ ಹಲಗೆ ಕುಳಿತಿತು, ಅಂಗಡಿ ಮುಚ್ಚಿತು. ಒಳಗಿನ ಕತ್ತಲೆಯಲ್ಲಿ ನಿಂತ ಬೀರಯ್ಯನಿಗೆ ಸದ್ದು ದೂರವಾಗುವುದು ಕೇಳಿಸಿತು. ಹಲಗೆಯ ಸೀಳುಗಳಿಂದ ಬಂದ ಬಿಸಿಲು ಗಾಜುಗಳ ಮೇಲೆ ಬಿದ್ದಿತ್ತು. ಒಂದೂ ಒಡೆದಿರಲಿಲ್ಲ. ಅವನು ಹಗ್ಗದ ಸುರುಳಿಯ ಮೇಲೆ ಕುಳಿತು ಅತ್ತ.

ಪ್ರೇಮಮ್ಮ ಮಜ್ಜಿಗೆ ತಂದಳು. "ಎಲ್ಲಾ ಮುಗೀತಲ್ಲ, ಇನ್ಯಾಕೆ ಅಳೋದು? ಗಾಜು ಒಡೆದಿದ್ರೆ ಅಳ್ಬೇಕಾಗಿತ್ತು." ಅವಳು ಸೆರಗಿನಿಂದ ಅವನ ಮುಖ ಒರೆಸಿದಳು.

"ಆ ಹುಡುಗ ಎರಡೇ ಮಾತು ಆಡಿದ್ದು ಕಣೆ," ಎಂದ ಬೀರಯ್ಯ. "ಎರಡೇ ಮಾತು."

ಅವಳಿಗೆ ಅರ್ಥವಾಗಲಿಲ್ಲ. ಹದಿನೈದು ವರ್ಷದ ಸಂಸಾರದಲ್ಲಿ ಅವನು ಅವಳಿಗೂ ಹೇಳಿರಲಿಲ್ಲ. ಈಗ ಹೇಳಿದ. ಅವಳು ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು. "ನಂಗ್ ಹೇಳಿದ್ದಾಯ್ತು. ಅವ್ರಿಗೆ?" ಎಂದಳು.

ಮಧ್ಯಾಹ್ನ ಮೂರರ ಹೊತ್ತಿಗೆ ಅವನು ಹೊರಟ. ಹಿತ್ತಲಿನಿಂದ ಸುತ್ತಿ ಅಂಗಡಿಯ ಮುಂದೆ ಬಂದಾಗ ಮೆಟ್ಟಿಲ ಮೇಲೆ ಕಲ್ಲು ಹಾಗೇ ಇತ್ತು. ಅದನ್ನು ರಸ್ತೆಗೆ ಎಸೆಯಲು ಕೈಗೆತ್ತಿಕೊಂಡವನು ಎಸೆಯಲಾರದೆ ತೆಗೆದುಕೊಂಡು ಹೋಗಿ ಜಲ್ಲಿಯ ರಾಶಿಯ ಮೇಲೇ ಇಟ್ಟು ಬಂದ. ಬಸ್ಸು ಓಡುತ್ತಿರಲಿಲ್ಲ. ಊರನ್ನು ಈ ತುದಿಯಿಂದ ಆ ತುದಿಗೆ ನಡೆದ. ಪೇಟೆಯ ಹತ್ತಿರ ಎರಡು ಬಸ್ಸಿನ ಗಾಜು ಪುಡಿಯಾಗಿ ಬಿದ್ದಿತ್ತು, ಒಂದು ಅಂಗಡಿಯ ಬಾಗಿಲು ಮುರಿದಿತ್ತು, ಯಾರಿಗೋ ತಲೆಗೆ ಪೆಟ್ಟಾಗಿದೆ ಎಂದು ಜನ ಮಾತಾಡುತ್ತಿದ್ದರು. ಅವರೇ ಹುಡುಗರು, ಅದೇ ಮೆರವಣಿಗೆ. ಕನ್ನಡಕದ ಯುವಕ ಅಲ್ಲಿ ಏನು ಮಾಡಿದನೋ, ಇನ್ನೊಂದು ಕಲ್ಲು ಸಿಕ್ಕಿತೋ ಏನೋ, ಯಾರಿಗೆ ಗೊತ್ತು. ಆ ಯೋಚನೆ ಬಂದರೂ ಬೀರಯ್ಯನ ಕಾಲು ನಿಲ್ಲಲಿಲ್ಲ.

ಕೃಷ್ಣಮೂರ್ತಿಪುರಂನ ಆ ಮನೆಯ ಜಗಲಿಯಲ್ಲಿ ಚನ್ನಬಸವಯ್ಯನವರು ಕುಳಿತಿದ್ದರು. ತೀರ ಸಣ್ಣವರಾಗಿದ್ದರು. ಎಡಗಣ್ಣಿನ ರೆಪ್ಪೆ ಒಳಕ್ಕೆ ಹೋಗಿತ್ತು, ಹಣೆಯಲ್ಲಿ ವಿಭೂತಿ ನೇರವಾಗಿತ್ತು. ಒಂದೇ ಕಣ್ಣಿನಿಂದ ಅವನನ್ನು ಅಳೆದು, "ಯಾರಯ್ಯ?" ಎಂದರು.

"ಬೀರಯ್ಯ ಅಂತ, ಯಜಮಾನ್ರೇ. ಹಗ್ಗದ ಅಂಗಡೀಲಿ ಕೆಲ್ಸಕ್ಕಿದ್ದೆ, ಸಂತೆಪೇಟೇಲಿ. ಅವತ್ತು ಮೆರವಣಿಗೇಲಿ ನಾನೂ ಇದ್ದೆ." ಹೆಗಲ ಮೇಲಿನ ವಸ್ತ್ರ ಇಳಿಸಿ ಕೈಯಲ್ಲಿ ಹಿಡಿದ. "ಕಲ್ಲು ಎಸೆದೋರಲ್ಲಿ ನಾನೂ ಒಬ್ಬ. ನೀವು ಅಂಗಡಿ ತೆಗೀತಿಲ್ಲ ಅಂತ ನಂಗೆ ಗೊತ್ತಿತ್ತು. ಆರು ಬಿಟ್ಟೋಗಿ ಏಳು ಹಾಕಿದ್ರಿ. ಅದನ್ನ ಕಂಡಿದ್ದೆ. ಕಂಡೂ ಬಾಯಿ ಬಿಡಲಿಲ್ಲ. ಬಾಯಿ ಬಿಡದೆ ನಾನೂ ಎಸೆದೆ."

ಬೀರಯ್ಯ ನೆಲ ನೋಡುತ್ತ ನಿಂತ, ಹೊಡೆದರೆ ಹೊಡೆಸಿಕೊಳ್ಳೋಣ ಎಂದು.

"ಏನಂದೆ?" ಎಂದರು ಅವರು. "ಆರು ಅಂದ್ಯಾ?"

"ಹೂಂ. ಆರು. ಗೋಡೆಗೆ ಒರಗಿಸಿದ್ರಿ."

"ಚೂಡಾಮಣಿ," ಎಂದು ಅವರು ಒಳಗೆ ಕೂಗಿದರು. ದನಿ ಒಡೆದಿತ್ತು. "ಚೂಡಾಮಣಿ, ಬಾ ಇಲ್ಲಿ."

ಒಳಗಿನಿಂದ ನಲವತ್ತರ ಹೆಂಗಸು ಕೈ ಒರೆಸಿಕೊಳ್ಳುತ್ತ ಬಂದಳು. ಅವಳು ಅವರ ಮಗಳೆಂದು ಬೀರಯ್ಯನಿಗೆ ಮುಖ ನೋಡಿದೊಡನೆ ತಿಳಿಯಿತು.

"ಹದಿನೇಳು ವರ್ಷದಿಂದ ಹೇಳ್ತಾ ಇದೀನಿ ಕಣಯ್ಯ," ಎಂದರು ಚನ್ನಬಸವಯ್ಯ, ಬೀರಯ್ಯನ ಮಣಿಕಟ್ಟು ಹಿಡಿದು. "ಒಬ್ರೂ ನಂಬಲಿಲ್ಲ. ಪೇಟೆಯೋರು ಅರಮನೆ ಕಡೆಯೋನು ಅಂದ್ರು. ಕೆಲವ್ರು ಮನೆಗೆ ಬಂದು ಭೇಷ್ ಅಂದ್ರು, ಧೈರ್ಯವಂತ ಅಂದ್ರು, ಅದು ಇನ್ನೂ ಸಂಕಟ. ಇವಳ ತಾಯಿ ಸಾಯೋವರ್ಗೂ ಒಂದೇ ಮಾತು, ನಿಮ್ಮ ಹಟಕ್ಕೆ ಕಣ್ಣು ಕಳ್ಕೊಂಡ್ರಿ, ಎಲ್ರ ಜೊತೆ ಮುಚ್ಚಬಾರ್ದಿತ್ತಾ ಅಂತ. ಮುಚ್ತಾ ಇದ್ದೆ ಕಣೆ ಅಂದ್ರೆ ನಗೋಳು. ಆಮೇಲಾಮೇಲೆ ನಂಗೇ ಅನುಮಾನ ಬಂದ್ಬುಡ್ತು. ನಾನು ಮುಚ್ತಿದ್ನೋ ತೆಗೀತಿದ್ನೋ."

"ಮುಚ್ತಿದ್ರಿ," ಎಂದ ಬೀರಯ್ಯ.

"ಕಲ್ಲಿನ ಮಾತಿಗೆ ನಾನೇನೂ ಹೇಳಲಾರೆ. ಕಣ್ಣು ಹೋಯ್ತು, ಪರವಾಗಿಲ್ಲ ಅನ್ನೋಕೆ ಬಾಯಿ ಬರಲ್ಲ. ನೀನು ಅದನ್ನ ಕೇಳಬೇಡ."

"ಕೇಳಲ್ಲ, ಯಜಮಾನ್ರೇ."

ಚೂಡಾಮಣಿ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ತಂದೆಯನ್ನು ನೋಡಿದಳು, ಈ ಅಪರಿಚಿತನನ್ನು ನೋಡಿದಳು. "ನಿಜವಾ ಅಪ್ಪಾಜಿ?" ಎಂದು ಮೆಲ್ಲಗೆ ಕೇಳಿದಳು. ಬೀರಯ್ಯನಿಗೆ ಎದೆಯ ಮೇಲಿದ್ದ ಒಂದು ಭಾರ ಅಲುಗಿದಂತಾಯಿತು. ಪೂರಾ ಇಳಿದಿರಲಿಲ್ಲ, ಇಳಿಯುವುದೂ ಇಲ್ಲ; ಆದರೂ ಉಸಿರು ಆಳಕ್ಕೆ ಹೋಗುತ್ತಿತ್ತು. ನಾಳೆ ಸಿದ್ದರಾಜು ಹೋಟೆಲಿನಲ್ಲಿ ತನ್ನ ಕಡೆ ಕೈ ತೋರಿಸಿದಾಗ ಹುಡುಗರಿಗೆ ಏನು ಹೇಳಬೇಕೆಂದು ಅವನಿಗೆ ಈಗ ಗೊತ್ತಿತ್ತು.

ಚನ್ನಬಸವಯ್ಯನವರು ಚಾಪೆಯ ಮೇಲೆ ಜರುಗಿ ಅವನಿಗೆ ಜಾಗ ಮಾಡಿಕೊಟ್ಟರು. ಅವನ ಮಣಿಕಟ್ಟು ಬಿಟ್ಟಿರಲಿಲ್ಲ.

"ಕೂತ್ಕೊ. ಇನ್ನೊಂದ್ಸಲ ಹೇಳು," ಎಂದರು. "ಇವಳು ಒಳಗಿದ್ಲು, ಸರಿಯಾಗಿ ಕೇಳ್ಸಿರಲ್ಲ."

ಬೀರಯ್ಯ ಕುಳಿತು ಮೊದಲಿನಿಂದ ಹೇಳಿದ. ಕಲ್ಲನ್ನೂ ಬಿಡದೆ ಹೇಳಿದ, ಈ ಸಲ ಗಟ್ಟಿಯಾಗಿ.